ಹಿಂದಿನ ಬಾಗಿಲಿಂದ ಹಾಜರ್

ಆ ಕೋರ್ಟ್ ಹಾಲಿಗೆ ಎರಡು ಬಾಗಿಲು. ಮುಂದಿನದು ಜಗಳ ಹೊತ್ತು ತರುವವರಿಗೆ. ಹಿಂದಿನದು, ಪೀಠದ ಪಕ್ಕಕ್ಕೇ ತೆರೆಯುವುದು, ನ್ಯಾಯಾಧೀಶರಿಗೆ. ಬಕೆಟ್ಟಿಗೂ ಅದೇ ಬಾಗಿಲು. ನ್ಯಾಯಾಧೀಶರು ಬಂದಾಗ ದಫೇದಾರ "ಸೈಲೆನ್ಸ್!" ಎಂದು ಕೂಗುತ್ತಿದ್ದ, ಇಡೀ ಹಾಲು ದಡಬಡ ಎದ್ದು ನಿಲ್ಲುತ್ತಿತ್ತು. ಬಕೆಟ್ ಬಂದಾಗ ಎದ್ದು ನಿಲ್ಲಲು ಅಲ್ಲಿ ಯಾರೂ ಇರುತ್ತಿರಲಿಲ್ಲ. ಇರಬಾರದು. ಕೋರ್ಟು ಸೇರುವ ಮೊದಲು ಬಕೆಟ್ ಬಂದು ಹೋಗಿರಬೇಕು, ಕೋರ್ಟು ಎದ್ದ ಮೇಲೆ ಮತ್ತೆ ಬರಬೇಕು. ನಡುವೆ ಅದು ಯಾರ ಕಣ್ಣಿಗೂ ಬೀಳಕೂಡದು.

ಈ ನಿಯಮ ಯಾವ ಕಾನೂನಿನ ಪುಸ್ತಕದಲ್ಲೂ ಇರಲಿಲ್ಲ. ನ್ಯಾಯಾಧೀಶರ ಕೆಳಗೆ ಕೂತು ಫೈಲು ಎತ್ತಿಕೊಡುವ ಶಿರಸ್ತೇದಾರರ ತಲೆಯಲ್ಲಿತ್ತು. ಆ ತಲೆಯಲ್ಲಿ ಕೂದಲಿಗೆ ಜಾಗ ಉಳಿಯದಷ್ಟು ನಿಯಮಗಳಿದ್ದವು.

ಬಕೆಟ್ ಹೊರುವವಳನ್ನು ಎಲ್ಲರೂ ಫಿನಾಯಿಲಕ್ಕ ಎನ್ನುತ್ತಿದ್ದರು. ಅವಳಿಗೆ ಬೇರೆ ಹೆಸರಿತ್ತು. ಅಪ್ಪನ ಹೆಸರು, ಗಂಡನ ಹೆಸರು ಸೇರಿಕೊಂಡು ಗೂಡ್ಸ್ ರೈಲಿನಷ್ಟು ಉದ್ದವಾಗಿತ್ತು. ಆದರೆ ಗುತ್ತಿಗೆ ಮೇಸ್ತ್ರಿ ಅವಳನ್ನು ಕೋರ್ಟಿಗೆ ಬಿಟ್ಟು ಹೋದ ದಿನ "ಒಂದು ಹೆಂಗಸು ಕಳ್ಸಿದೀನಿ" ಎಂದಷ್ಟೇ ಹೇಳಿದ್ದ. ಒಂದು ಹೆಂಗಸಿಗೆ ಹೆಸರು ಕೇಳುವ ಅಗತ್ಯ ಯಾರಿಗೂ ಬರಲಿಲ್ಲ. ಕೂಗಿದರೆ ಬರುತ್ತಾಳಲ್ಲ, ಸಾಕು.

ಕೋರ್ಟಿನಲ್ಲಿ ಪೀಠಗಳು ಎರಡು ಬಗೆ. ಒಂದರ ಮೇಲೆ ನ್ಯಾಯ ಕೂರುತ್ತದೆ. ಇನ್ನೊಂದರ ಮೇಲೆ ಎಲ್ಲರೂ ಕೂರುತ್ತಾರೆ. ಎರಡನ್ನೂ ಒರೆಸುವವಳು ಅವಳೊಬ್ಬಳೇ, ಬಟ್ಟೆ ಮಾತ್ರ ಬೇರೆ ಬೇರೆ. ಆಸಿಡ್ಡಿಗೆ ಅಂಗೈ ಚರ್ಮ ಬಿರಿದಿತ್ತು. ಬಗ್ಗಿ ಬಗ್ಗಿ ಸೊಂಟ ನೆಟ್ಟಗಾಗುವಾಗ ಹಳೆ ಬೆಂಚಿನಂತೆ ಸದ್ದು ಮಾಡುತ್ತಿತ್ತು. ವಕೀಲರು ಬಾಗಿಲು ಹಾಕಿಕೊಳ್ಳದೆ ಉಚ್ಚೆ ಹೊಯ್ಯುತ್ತಿದ್ದರು, ಅವಳು ಒಳಗೇ ಇದ್ದರೂ. ಬಕೆಟ್ಟಿನ ಮುಂದೆ ಯಾರಿಗೆ ನಾಚಿಕೆ?

ಬಕೆಟ್ ಎತ್ತುವುದನ್ನು ಅವಳಿಗೆ ಕಲಿಸಿದವಳು ಮೆಟ್ಟಿಲು ಗುಡಿಸುವ ದೊಡ್ಡಮ್ಮ. ಯಾರಿಗೂ ದೊಡ್ಡಮ್ಮನಲ್ಲ, ಹಾಗಾಗಿ ಎಲ್ಲರಿಗೂ ದೊಡ್ಡಮ್ಮ. "ಕೈಯಲ್ಲಿ ಎತ್ತಬಾರದು ಕಣೆ ಹುಚ್ಚಿ, ಭುಜ ಕಳಚಿ ಬರುತ್ತೆ. ಮೊಣಕಾಲಲ್ಲಿ ತಳಕ್ಕೊಂದು ಗುದ್ದು ಕೊಡು. ಅದು ಮೇಲೆ ಬರ್ತಿದ್ದ ಹಾಗೇ ಸೊಂಟಕ್ಕೆ ತಗೋ. ಇನ್ನೊಂದು ಕೈ ಆಚೆ ಚಾಚು, ಹಕ್ಕಿ ರೆಕ್ಕೆ ಥರ. ಒಂದು ಹನಿ ಚೆಲ್ಲಲ್ಲ." ಹೊಸಬರೆಲ್ಲ ಚೆಲ್ಲುತ್ತಿದ್ದರು. ಈ ಗುದ್ದು ಕೈಗೂಡಿದವರನ್ನು ಮಾತ್ರ ದೊಡ್ಡಮ್ಮ ಕೆಲಸದವರು ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದಳು.

ಬೆಳಗಿನ ಹೊತ್ತು ಖಾಲಿ ಹಾಲು ಅವರಿಬ್ಬರದು. ಫಿನಾಯಿಲಕ್ಕ ಒಳಗಿಂದ ಚಿಲಕ ಹಾಕಿ ಕೋರ್ಟು ನಡೆಸುತ್ತಿದ್ದಳು. ನೆಲ ಒರೆಸುವ ಕೋಲುಬಟ್ಟೆಯನ್ನು ಹೆಗಲ ಮೇಲೆ ಗೌನಿನಂತೆ ಇಳಿಬಿಟ್ಟು ವಕೀಲರಾಗುವಳು. "ಸನ್ಮಾನ್ಯ ನ್ಯಾಯಾಲಯದ ಅವಗಾಹನೆಗೆ ತರುವುದೇನೆಂದರೆ, ತರುವುದು ಏನೂ ಇಲ್ಲ, ತರೋದನ್ನ ಮನೇಲಿ ಮರ್ತು ಬಂದಿದೀನಿ, ವಾಯಿದೆ ಕೊಡಿ!" ತಕ್ಷಣ ಶಿರಸ್ತೇದಾರರಾಗಿ ಗಂಟಲಲ್ಲೇ ಮೂರು ಸುತ್ತು ಕೆಮ್ಮಿ, "ಕೊಟ್ಟಿದೆ, ಕೊಟ್ಟಿದೆ, ನಡೀರಿ" ಎನ್ನುವಳು.

ದೊಡ್ಡಮ್ಮ ಪೊರಕೆ ಹಿಡಿದು ನಗುತ್ತಾ, "ಎಷ್ಟು ವಾಯಿದೆ ಕೊಡ್ತಾರೆ ಇವ್ರು?" ಎಂದರೆ, "ಕೋರ್ಟಿಗೆ ಬಾಯಿದೆ ದೊಡ್ಡಮ್ಮ, ಅದಕ್ಕೇ ವಾಯಿದೆ. ಕೈ ಇದ್ದಿದ್ರೆ ಕೆಲಸ ಆಗ್ತಿತ್ತು" ಎನ್ನುವಳು.

ಕಂಬಿಗೆ ಒರಗಿ ಅಳುವ ಹೆಂಡಂದಿರು, ಮೊಬೈಲು ನೋಡುತ್ತಾ ನಗುವ ಗಂಡಂದಿರು, ಹೆಸರಿನ ಕೊನೆಯ ಅಕ್ಷರವನ್ನು ಬೀದಿವರೆಗೆ ಎಳೆಯುವ ದಫೇದಾರ, ಎಲ್ಲರೂ ಅವಳ ಗಂಟಲಲ್ಲಿದ್ದರು. ಸಿಗದೇ ಇದ್ದವರು ಒಬ್ಬರೇ. ಒಂದು ವರ್ಷದ ಹಿಂದೆ ಬಂದ ಹೊಸ ನ್ಯಾಯಾಧೀಶೆ.

"ಮೇಡಮ್ಮಂದು ಮಾಡಿ ತೋರ್ಸೆ."

"ಸಿಗಲ್ಲ ದೊಡ್ಡಮ್ಮ. ಆಯಮ್ಮನಿಗೆ ಹಿಡಿಯೇ ಇಲ್ಲ. ಎಲ್ಲಿ ಹಿಡ್ಕೊಂಡು ಎತ್ತಲಿ?"

ಮೇಡಂ ಹಿನ್ನೆಲೆಯನ್ನು ಕೋರ್ಟಿನ ಜನ ತಮ್ಮ ತಮ್ಮ ಅನುಕೂಲಕ್ಕೆ ತಕ್ಕಂತೆ ಹೊಲಿದುಕೊಂಡಿದ್ದರು. ಶಿರಸ್ತೇದಾರರ ಪ್ರಕಾರ ಅವರ ತಾತನೂ ನ್ಯಾಯಾಧೀಶರು, ತಂದೆಯೂ ನ್ಯಾಯಾಧೀಶರು. "ರಕ್ತದಲ್ಲೇ ಕಾನೂನು ಹರೀತದೆ. ಆ ನಡಿಗೆ ನೋಡಿದ್ರೆ ಗೊತ್ತಾಗಲ್ವೇನಯ್ಯ?" ದಫೇದಾರನ ಪ್ರಕಾರ ಹೊರದೇಶದಲ್ಲಿ ಓದಿದವರು. ಸಾಕ್ಷಿಗೆ ಎಲ್ಲರ ಹತ್ತಿರ ಎರಡು ಸಂಗತಿಗಳಿದ್ದವು. ಒಂದು, ಮೇಡಂ ತಮ್ಮ ಟೀ ಲೋಟವನ್ನು ಯಾರಿಗೂ ತೊಳೆಯಲು ಕೊಡುತ್ತಿರಲಿಲ್ಲ. ನಮ್ಮಂಥವರ ಕೈ ತಾಗಬಾರದಲ್ಲ! ಎರಡು, ಒರೆಸಿದ ನೆಲದ ಮೇಲೆ ಹೆಜ್ಜೆ ಇಡುತ್ತಿರಲಿಲ್ಲ. ಕೋರ್ಟಿಗೆ ಹೊತ್ತಾದರೂ ಸರಿ, ನೆಲ ಒಣಗುವವರೆಗೆ ಗೋಡೆ ಪಕ್ಕ ನಿಂತಿರುತ್ತಿದ್ದರು. ಪಾದ ಒದ್ದೆಯಾದರೆ ನೆಗಡಿ ಆಗುವಷ್ಟು ನಾಜೂಕು ಮೈ ಎಂದು ದಫೇದಾರ ನಿಟ್ಟುಸಿರು ಬಿಡುತ್ತಿದ್ದ.

ಇಂಥ ಮೇಡಂ ಮುಂದೆ ಫಿನಾಯಿಲಕ್ಕನ ಕೇಸಿತ್ತು.

ಅವಳಿಗೊಬ್ಬಳು ಮಗಳು. ಎಂಟು ವರ್ಷ. ಗಂಡ ಲಾರಿ ಷೆಡ್ಡಿನ ಮೆಕ್ಯಾನಿಕ್ಕು. ಜಗಳ ಶುರುವಾದದ್ದು ಅವಳು ಈ ಕೆಲಸಕ್ಕೆ ಸೇರಿದ ಮೇಲೆ. ಮನೆ ನಡೆದದ್ದೂ ಈ ಕೆಲಸದಿಂದಲೇ, ಅದು ಬೇರೆ ಮಾತು. ಒಂದು ಸಂಜೆ ಅವಳು ಮನೆಗೆ ಬಂದಾಗ ಮಗಳ ಬಟ್ಟೆಯಿಲ್ಲ, ಚಪ್ಪಲಿಯಿಲ್ಲ, ಮಗಳಿಲ್ಲ. ಗಂಡ ತನ್ನ ತಂಗಿಯ ಮನೆಗೆ ಕರೆದುಕೊಂಡು ಹೋಗಿದ್ದ. ನೋಡಲು ಹೋದರೆ ನಾದಿನಿ ಗೇಟಿನ ಕಂಬಿಯ ನಡುವಿಂದ ಮಾತಾಡಿದಳು. "ದೂರ ನಿಂತ್ಕೊಳಮ್ಮ. ಮಗು ಈಗಷ್ಟೇ ಸ್ನಾನ ಮಾಡಿದೆ."

ಕೋರ್ಟಿಗೆ ಗಂಡ ಕೊಟ್ಟ ಉತ್ತರವೂ ಅದೇ ಗೇಟಿನ ಭಾಷೆಯಲ್ಲಿತ್ತು. ಕಕ್ಕಸು ಬಳಿಯುವ ಕೈಯಿಂದ ಮಗುವಿಗೆ ಊಟ ಹಾಕುತ್ತಾಳೆ, ಇದರಿಂದ ಮಗುವಿನ ಆರೋಗ್ಯಕ್ಕೂ ಮರ್ಯಾದೆಗೂ ಹಾನಿ. ಅವನ ಉಗುರಿನ ಸಂದಿಯಲ್ಲಿ ಮದುವೆಯ ದಿನವೂ ಗ್ರೀಸಿತ್ತು. ಗ್ರೀಸ್ ಹತ್ತಿದರೆ ಗಂಡಸಿನ ಕೈ. ಫಿನಾಯಿಲ್ ಹತ್ತಿದರೆ ಹೊಲಸು ಕೈ.

ಕೇಸು ಹಾಕಿದ್ದನ್ನು ಅವಳು ಕೋರ್ಟಿನಲ್ಲಿ ಯಾರಿಗೂ ಹೇಳಿರಲಿಲ್ಲ. ಕೇಸು ಇರುವವರನ್ನು ಕೋರ್ಟಿನ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ ಎಂದು ಮೇಸ್ತ್ರಿ ಮೊದಲೇ ಹೆದರಿಸಿದ್ದ. ಕೋರ್ಟಿನಲ್ಲೇ ಇರ್ತೀನಲ್ಲ, ಕೂಗಿದಾಗ ಹೋಗಿ ನಿಂತರಾಯಿತು ಎಂದುಕೊಂಡಿದ್ದಳು. ಅಲ್ಲೇ ಎಡವಿದ್ದು. ದಫೇದಾರ ಹೆಸರು ಕೂಗುವುದು ಮುಂದಿನ ವರಾಂಡದಲ್ಲಿ, ಬೀದಿಗೆ ಮುಖ ಮಾಡಿ. ಕಕ್ಕಸುಗಳು ಇರುವುದು ಹಿಂದೆ. ಮೊದಲ ತಾರೀಖಿನಂದು ಮೇಲಿನ ಮಹಡಿಯಲ್ಲಿ ಯಾರೋ ವಾಂತಿ ಮಾಡಿದ್ದರು. ಎರಡನೆಯ ತಾರೀಖಿಗೆ ನಲ್ಲಿ ಒಡೆದಿತ್ತು. ಎರಡೂ ಸಲ ಗಂಡ ಮುಂದಿನ ಬಾಗಿಲಿಂದ ಗರಿಗರಿ ಅಂಗಿ ತೊಟ್ಟು ಬಂದ. ದಫೇದಾರ ಗೂಡ್ಸ್ ರೈಲಿನಂಥ ಅವಳ ಹೆಸರನ್ನು ಮೂರು ಸಲ ಕೂಗಿದ. ಬೆಳಗ್ಗೆಯಷ್ಟೇ ತನಗೆ ನೀರು ತಂದುಕೊಟ್ಟವಳ ಹೆಸರದು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಗೈರು ಎಂದು ಬರೆದುಕೊಂಡರು. ಆ ಎರಡು ದಿನ ಇಡೀ ಕೋರ್ಟಿನಲ್ಲಿ ಅವಳಷ್ಟು ಹಾಜರಿದ್ದವರು ಯಾರೂ ಇರಲಿಲ್ಲ.

ಇವತ್ತು ಮೂರನೆಯದು. ಇವತ್ತೂ ಗೈರಾದರೆ ಅರ್ಜಿ ವಜಾ. ಮಗಳು ಆ ಗೇಟಿನ ಒಳಗೇ.

ಬೆಳಗ್ಗೆ ಧೈರ್ಯ ಮಾಡಿ ಶಿರಸ್ತೇದಾರರ ಮೇಜಿನ ಮುಂದೆ ನಿಂತಳು.

"ಸಾರ್, ಇವತ್ತು ಮಧ್ಯಾಹ್ನ ನನ್ನ ಕೇಸಿದೆ."

ಶಿರಸ್ತೇದಾರರು ಕನ್ನಡಕದ ಮೇಲಿಂದ ನೋಡಿದರು. "ಯಾವ ಕೇಸೇ? ಫಿನಾಯಿಲ್ ಖಾಲಿ ಆಗಿದ್ದಾ?"

"ಮಗಳದ್ದು. ನಾನೇ ಅರ್ಜಿದಾರಳು."

"ನೀನಾ?" ಅವರು ನಕ್ಕರು. ಗಂಟಲಲ್ಲಿ ಮೂರು ಸುತ್ತು ಕೆಮ್ಮಿದರು. "ನಿಂಗೂ ಕೇಸಾ? ಭಲೆ! ಸರಿ ಸರಿ, ಕೂಗೋವಾಗ ಹೇಳಿ ಕಳಿಸ್ತೀನಿ."

"ಮರೀಬೇಡಿ ಸಾರ್."

"ಏ, ನಾನು ಮರೆಯೋದಾ? ಈ ಕೋರ್ಟು ನಡೀತಿರೋದೇ ನನ್ನ ನೆನಪಿನ ಮೇಲೆ. ಹೋಗು."

ಊಟದ ಹೊತ್ತಿಗೆ ಅವಳು ಮೆಟ್ಟಿಲ ಕೆಳಗಿನ ಪೊರಕೆ ಗೂಡಿನಲ್ಲಿ ಬಟ್ಟೆ ಬದಲಿಸಿದಳು. ನಿನ್ನೆ ಒಗೆದು ಇಸ್ತ್ರಿ ಮಾಡಿಟ್ಟ ಹಸಿರು ಬಟ್ಟೆ. ತಲೆ ಬಾಚಿದಳು. ಕೈಗೆ ನಿಂಬೆ ಸಿಪ್ಪೆ ತಿಕ್ಕಿ ತಿಕ್ಕಿ ತೊಳೆದಳು. ದೊಡ್ಡಮ್ಮ ಸುತ್ತ ತಿರುಗಿ ನೋಡಿ, "ವಕೀಲಮ್ಮನ ಥರ ಇದೀಯ ಕಣೆ. ಮುಂದಿನ ಬಾಗಿಲಿಂದ ಹೋಗು. ತಲೆ ಎತ್ಕೊಂಡು ಹೋಗು" ಎಂದಳು. ಕಂಬದ ಮರೆಯಿಂದ ವರಾಂಡದ ಕಡೆ ಇಣುಕಿದರೆ ಗಂಡ, ನಾದಿನಿ ಬೆಂಚಿನ ಮೇಲೆ ಕೂತಿದ್ದರು. ನಡುವೆ ಮಗಳು, ಕಾಲು ಅಲ್ಲಾಡಿಸುತ್ತಾ. ಇನ್ನೇನು ಮುಂದಿನ ಬಾಗಿಲ ಕಡೆ ಹೊರಡುವುದರಲ್ಲಿದ್ದಳು.

"ಏ ಫಿನಾಯಿಲ್!" ಶಿರಸ್ತೇದಾರರು ಹಿಂದಿನಿಂದ ಓಡೋಡಿ ಬಂದರು. "ಮೇಡಂ ಬಾತ್‌ರೂಮು ಕಟ್ಕೊಂಡಿದೆ, ನೀರು ಉಕ್ಕಿ ಕಾರಿಡಾರಿಗೆ ಬರ್ತಿದೆ. ಬೇಗ!"

"ಸಾರ್, ನನ್ನ ಕೇಸು."

"ಕೇಸು ಓಡಿಹೋಗಲ್ಲ. ನೀರು ಓಡಿ ಬರ್ತಿದೆ. ಎರಡು ನಿಮಿಷದ ಕೆಲಸ. ಹೇಳಿ ಕಳಿಸ್ತೀನಿ ಅಂದೆನಲ್ಲ!"

ಹೋದಳು. ಮೂರು ವರ್ಷ ಕೂಗಿದಾಗೆಲ್ಲ ಹೋದ ಕಾಲು, ತಲೆ ಬೇಡ ಎನ್ನುವಷ್ಟರಲ್ಲಿ ಹೋಗಿಬಿಟ್ಟಿತ್ತು.

ಕೋಲು ಹಾಕಿದಳು, ಬಗ್ಗಲಿಲ್ಲ. ಹಸಿರು ತೋಳನ್ನು ಭುಜದವರೆಗೆ ಮಡಿಸಿ ಕೈಯನ್ನೇ ಇಳಿಸಿದಳು. ಮೊಣಕೈವರೆಗೆ, ಅದರಾಚೆಗೆ. ಕೆನ್ನೆ ಕಕ್ಕಸಿನ ಪೀಠದ ಅಂಚಿಗೆ ತಾಗಿತು. ಬೆರಳ ತುದಿಗೆ ಕಾಗದದ ಮುದ್ದೆ ಸಿಕ್ಕಿತು. ಜಗ್ಗಿದಳು. ಒಂದು ತುತ್ತು ಬಂತು, ಇನ್ನೊಂದು ತುತ್ತು ಒಳಗೇ ಉಳಿಯಿತು. ಮತ್ತೆ ಇಳಿಸಿದಳು. ಅದು ಕೈಗೆ ಬರಲಿಲ್ಲ, ಪಕ್ಕಕ್ಕೆ ಸರಿಯಿತಷ್ಟೇ. ನೀರು ಗಳಗಳ ಎಂದು ಇಳಿದು ಸದ್ದು ನಿಂತಾಗ, ತೆರೆದ ಕಿಟಕಿಯಿಂದ ಅವಳಿಗೆ ತನ್ನ ಹೆಸರು ಕೇಳಿತು. ಪೂರ್ತಿ ಹೆಸರು. ಕೊನೆಯ ಅಕ್ಷರ ಬೀದಿವರೆಗೆ ಎಳೆದದ್ದು.

ಒಂದು.

ಶಿರಸ್ತೇದಾರರದ್ದೇ ಒಂದು ಪದ್ಧತಿಯಿತ್ತು. ಊಟದ ನಂತರ ಮೇಡಂ ಪೀಠಕ್ಕೆ ಬರುವ ಮೊದಲೇ ಹಾಜರಿ ಕೂಗಿಸುವುದು. ಗೈರಾದವರ ಫೈಲುಗಳನ್ನು ಬೇರೆ ಗುಡ್ಡೆ ಹಾಕಿ ಮೇಡಂ ಮುಂದಿಟ್ಟರೆ ಒಂದೇ ಉಸಿರಿಗೆ ಎಲ್ಲವೂ ವಜಾ. ಕೋರ್ಟಿನ ಸಮಯ ಉಳಿಯುತ್ತದೆ. ಯಾರದೋ ಮಗು ಹೋಗುತ್ತದೆ, ಸಮಯ ಉಳಿಯುತ್ತದೆ.

"ಇದೀನಿ!" ಎಂದು ಕಿಟಕಿಗೆ ಕೂಗಿದಳು. ಕಿಟಕಿ ತೆರೆಯುವುದು ಹಿಂದಿನ ಗೋಡೆಗೆ. ಗೋಡೆ ಕೇಳಿಸಿಕೊಂಡಿತು.

ಎರಡು.

ಬಕೆಟ್ ಎತ್ತಿಕೊಂಡು ಕಾರಿಡಾರಿಗೆ ನುಗ್ಗಿದಳು. ಬಕೆಟ್ ಯಾಕೆ ಎತ್ತಿಕೊಂಡಳೋ ದೇವರಿಗೇ ಗೊತ್ತು. ಅದಿಲ್ಲದೆ ಆ ಕಾರಿಡಾರಿನಲ್ಲಿ ಅವಳು ಯಾವತ್ತೂ ನಡೆದಿರಲಿಲ್ಲ. ಗೋಡೆ ಪಕ್ಕ ಮೇಡಂ ನಿಂತಿದ್ದರು, ಗೌನು ಹಾಕಿಕೊಂಡು, ಒದ್ದೆ ನೆಲ ನೋಡುತ್ತಾ. ಮೊದಲ ಸಲ ಎದುರುಬದುರು.

"ಎಲ್ಲಿಗಮ್ಮ ಈ ಓಟ?"

"ಕರೀತಿದಾರೆ ಮೇಡಂ."

"ಯಾರು?"

"ನೀವೇ."

ಮೇಡಂ ಮುಖದಲ್ಲಿ ಏನಾಯಿತೆಂದು ನೋಡಲು ಪುರುಸೊತ್ತಿರಲಿಲ್ಲ. ಬಲಕ್ಕೆ ಹಿಂದಿನ ಮೆಟ್ಟಿಲು. ಇಳಿದು, ಇಡೀ ಕಟ್ಟಡ ಸುತ್ತಿ, ಮುಂದಿನ ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಗುಡ್ಡೆಗೆ ಅವಳ ಫೈಲು ಬಿದ್ದಿರುತ್ತದೆ. ಎಡಕ್ಕೆ ಮೇಡಂ ಬಾಗಿಲು. ಜನ ಇರುವಾಗ ಬಕೆಟ್ ಹೋಗಬಾರದ ಬಾಗಿಲು.

ಥೂ ನಿಮ್ಮ ಬಾಗಿಲಿಗಿಷ್ಟು, ಎಂದುಕೊಂಡು ಮೊಣಕಾಲಲ್ಲಿ ಗುದ್ದಿದಳು.

ದಫೇದಾರ ಮುಂದಿನ ಬಾಗಿಲಲ್ಲಿ ನಿಂತು ಮೂರನೆಯ ಕೂಗು ಶುರು ಮಾಡಿದ್ದ. ಅರ್ಧ ಹೆಸರು ಬಾಯಿಂದ ಹೊರಬಿದ್ದಿತ್ತು. ಕಣ್ಣಂಚಿನಲ್ಲಿ ಪೀಠದ ಪಕ್ಕದ ಬಾಗಿಲು ತೆರೆದದ್ದು ಕಂಡಿತು. ಎಷ್ಟೋ ವರ್ಷದ ನಾಲಿಗೆ ತಡೆಯಲಿಲ್ಲ. ಅವಳ ಅರ್ಧ ಹೆಸರಿಗೆ "ಸೈಲೆನ್ಸ್!" ಅಂಟಿಕೊಂಡು ಹೊರಬಂತು.

ಇಡೀ ಹಾಲು ದಡಬಡ ಎದ್ದು ನಿಂತಿತು. ವಕೀಲರು ಎದ್ದರು. ಶಿರಸ್ತೇದಾರರು ಎದ್ದು ಗುಂಡಿ ಸರಿ ಮಾಡಿಕೊಂಡರು. ಟೈಪಿಸ್ಟ್ ಹುಡುಗಿ ಎದ್ದಳು. ಗಂಡ ಎದ್ದ. ನಾದಿನಿ ಎದ್ದಳು. ಮಂಡಿನೋವಿನ ಮುದುಕರೊಬ್ಬರು ಮೊಮ್ಮಗಳ ಹೆಗಲು ಹಿಡಿದು ಎದ್ದರು.

ಬಾಗಿಲಲ್ಲಿ ಫಿನಾಯಿಲಕ್ಕ. ಹಸಿರು ಬಟ್ಟೆ, ಭುಜದವರೆಗೆ ಮಡಿಸಿದ ತೋಳು, ಮೊಣಕೈಯಿಂದ ತೊಟ್ಟಿಕ್ಕುವ ನೀರು, ಸೊಂಟದ ಮೇಲೆ ಬಕೆಟ್ಟು.

ಯಾರೂ ಕೂರಲಿಲ್ಲ. ಎದ್ದು ನಿಲ್ಲುವುದು ಅವರಿಗೆ ರೂಢಿ. ತಪ್ಪಿ ಎದ್ದರೆ ಕೂರುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳು ಬಕೆಟ್ಟನ್ನು ಪೀಠದ ಪಕ್ಕ ಇಳಿಸಿದಳು.

"ಹಾಜರ್" ಎಂದಳು.

"ಅಮ್ಮಾ!" ಬೆಂಚಿನ ಹತ್ತಿರದಿಂದ ಮಗಳ ಕೂಗು. ನಾದಿನಿ ಬಾಯಿ ಮುಚ್ಚಿದಳು, ಮಗುವಿನದ್ದು.

ಶಿರಸ್ತೇದಾರರಿಗೆ ಪ್ರಾಣ ಬಂತು. "ಏ! ತಲೆ ಕೆಟ್ಟಿದೆಯೇನೆ? ನಡಿ ಆಚೆ! ಮುಂದಿನ ಬಾಗಿಲಿಂದ ಬಾ!"

"ಮುಂದಿನ ಬಾಗಿಲಿಗೇ ಹೊರಟಿದ್ದೆ ಸಾರ್. ಹಿಂದಕ್ಕೆ ಕಳಿಸಿದ್ದು ನೀವು."

"ಹೇಳಿ ಕಳಿಸ್ತೀನಿ ಅಂದಿರಲಿಲ್ವಾ?"

"ಯಾರನ್ನ ಕಳಿಸಿದ್ರಿ?" ಅವಳು ಗಂಟಲಲ್ಲಿ ಮೂರು ಸುತ್ತು ಕೆಮ್ಮಿದಳು, ಥೇಟ್ ಅವರಂತೆ. "ಈ ಕೋರ್ಟು ನಡೀತಿರೋದೇ ನನ್ನ ನೆನಪಿನ ಮೇಲೆ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಅದೇ ಬಾಗಿಲಿಂದ ಮೇಡಂ ಬಂದರು. ಅಂತೂ ಇಂತೂ ಕೂರಲು ಹೊರಟಿದ್ದವರೆಲ್ಲ ಮತ್ತೆ ನೆಟ್ಟಗಾದರು. ಮೇಡಂ ಕೂತರು. ಹಾಲು ಕೂತಿತು. ಅವಳೊಬ್ಬಳು ನಿಂತಿದ್ದಳು, ಪಕ್ಕದಲ್ಲಿ ಬಕೆಟ್ಟು.

"ಯಾರ ಕೇಸು?" ಎಂದರು ಮೇಡಂ.

ಶಿರಸ್ತೇದಾರರು ಗೈರು ಗುಡ್ಡೆಯ ಮೇಲಿದ್ದ ಫೈಲನ್ನು ಮೆಲ್ಲಗೆ ಎತ್ತಿ ಹಾಜರು ಗುಡ್ಡೆಗೆ ಸರಿಸಿದರು. ಮೇಡಂ ಕಣ್ಣು ಆ ಕೈಯ ಜೊತೆಗೇ ಸರಿಯಿತು.

ಗಂಡನ ವಕೀಲರು ಎದ್ದು ಕರವಸ್ತ್ರವನ್ನು ಮೂಗಿಗೆ ಹಿಡಿದರು. ಹಿಡಿದದ್ದು ಎಲ್ಲರಿಗೂ ಕಾಣುವಂತೆ. "ಸನ್ಮಾನ್ಯ ನ್ಯಾಯಾಲಯದ ಅವಗಾಹನೆಗೆ ತರುವುದೇನೆಂದರೆ, ನಾನು ವಾದ ಮಾಡುವ ಅಗತ್ಯವೇ ಇಲ್ಲ. ಅರ್ಜಿದಾರಳೇ ಸಾಕ್ಷ್ಯ ಹೊತ್ತು ತಂದಿದ್ದಾಳೆ. ಈ ವಾಸನೆಯಲ್ಲಿ ಮಗು ಬೆಳೆಯಬೇಕೇ?"

ಗಂಡ ತಲೆಯಾಡಿಸಿದ. ನಾದಿನಿಯೂ ಮೂಗು ಮುಚ್ಚಿಕೊಂಡಳು.

ಅವಳು ವಕೀಲರ ಕಡೆ ತಿರುಗಿದಳು. ಮೂರು ವರ್ಷ ನುಂಗಿದ್ದು ಹೊರಬಂತು.

"ಈ ವಾಸನೆ ನಂದಲ್ಲ ಸಾರ್. ನಿಮ್ಮದು. ನೀವು ಬಿಟ್ಟು ಹೋಗಿದ್ದು. ನಾನು ಅದನ್ನ ಎತ್ತಿ ಹಾಕೋಳು, ಅಷ್ಟೇ. ನಾಳೆ ಒಂದು ದಿನ ನಾನು ಬರಲ್ಲ, ಆಗ ನಿಂತು ವಾದ ಮಾಡಿ, ನೋಡೋಣ. ಕರವಸ್ತ್ರ ಸಾಲಲ್ಲ, ಗೌನು ಬಿಚ್ಚಿ ಹಿಡ್ಕೋಬೇಕಾಗುತ್ತೆ."

ಈ ಸಲ ಕಿಸಕ್ಕೆಂದದ್ದು ಒಂದು ಸಾಲಲ್ಲ.

"ಸಮಾಧಾನ" ಎಂದರು ಮೇಡಂ. ದನಿ ಏರಲಿಲ್ಲ. "ಅಮ್ಮ, ಬಕೆಟ್ ಹೊರಗಿಟ್ಟು ಬನ್ನಿ. ಬಂದು ಕೂತ್ಕೊಂಡು ಮಾತಾಡಿ."

ಅವಳು ಬಕೆಟ್ ನೋಡಿದಳು. ಮೊಣಕಾಲು ಅಭ್ಯಾಸದಂತೆ ಒಂದಿಷ್ಟು ಬಗ್ಗಿತು. ಅಲ್ಲೇ ನಿಂತಿತು.

"ಇಲ್ಲ ಮೇಡಂ."

"ಏನು?"

"ಎತ್ತಲ್ಲ. ಇವತ್ತು ಎತ್ತಿದ್ರೆ ನಾನು ಫಿನಾಯಿಲಕ್ಕ. ಆಚೆ ಹೋಗಿ ಬರೋದ್ರೊಳಗೆ ಮತ್ತೆ ಮೂರು ಸಲ ಕೂಗ್ತಾರೆ. ಹೆಸರು ಹಿಡಿದು ಕೂಗಿದಾಗ ನಾನು ಕೆಲಸದೋಳಲ್ಲ. ಬಕೆಟ್ ಕೋರ್ಟಿಂದು. ಕೋರ್ಟೇ ಎತ್ಕೊಳ್ಲಿ."

ಶಿರಸ್ತೇದಾರರು ದಫೇದಾರನ ಕಡೆ ನೋಡಿದರು. ದಫೇದಾರ ಬಾಗಿಲ ಹತ್ತಿರದ ಪೊಲೀಸಿನ ಕಡೆ ನೋಡಿದ. ಪೊಲೀಸು ಟೈಪಿಸ್ಟ್ ಹುಡುಗಿಯ ಕಡೆ ನೋಡಿದ. ಅವಳು ತನ್ನ ಉಗುರುಬಣ್ಣ ನೋಡಿಕೊಂಡಳು. ನೋಟ ಒಂದು ಸುತ್ತು ಹೊಡೆದು ಮತ್ತೆ ಶಿರಸ್ತೇದಾರರಿಗೇ ಬಂದು ನಿಂತಿತು. ಅವರು ಎದ್ದು ಬಕೆಟ್ಟಿನ ಹತ್ತಿರ ಹೋಗಿ ಎರಡು ಬೆರಳಲ್ಲಿ ಹಿಡಿಯನ್ನು ಮುಟ್ಟಿದರು. ಅದು ಕಣಕಣ ಎಂದಿತು. ಕೈ ಹಿಂದೆಗೆದುಕೊಂಡು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು.

ಮೇಡಂ ಕುರ್ಚಿ ಹಿಂದಕ್ಕೆ ಸರಿಸಿದರು. ಪೀಠದಿಂದ ಇಳಿದರು. ದಫೇದಾರ "ಸೈಲೆನ್..." ಎಂದು ಶುರು ಮಾಡಿ ನುಂಗಿಕೊಂಡ. ಅವರು ಗೌನಿನ ತುದಿಯನ್ನು ಎಡಗೈಯಿಂದ ಸೊಂಟಕ್ಕೆ ಸಿಕ್ಕಿಸಿದರು. ಬಲಗೈ ಹಿಡಿಗೆ ಹಾಕಿದರು. ಮೊಣಕಾಲಲ್ಲಿ ತಳಕ್ಕೊಂದು ಗುದ್ದು. ಬಕೆಟ್ ಮೇಲೆದ್ದು ಬರುತ್ತಿದ್ದಂತೆ ಸೊಂಟ ಅದನ್ನು ಹಿಡಿಯಿತು. ಎಡಗೈ ಆಚೆ ಚಾಚಿಕೊಂಡಿತು, ಹಕ್ಕಿ ರೆಕ್ಕೆಯಂತೆ. ಹಿಂದಿನ ಬಾಗಿಲವರೆಗೆ ನಡೆದು ಆಚೆ ಇಟ್ಟು ಬಂದರು. ನೆಲದ ಮೇಲೆ ಒಂದು ಹನಿ ಚೆಲ್ಲಿರಲಿಲ್ಲ.

ಅಷ್ಟು ದಿನ ಅಣಕಿಸಲು ಕೈಗೆ ಸಿಗದ ಮೇಡಂ ಮೈ ಫಿನಾಯಿಲಕ್ಕನಿಗೆ ಈಗ ಸಿಕ್ಕಿತು. ಒಣಗದ ನೆಲ ತುಳಿಯದವರು ಯಾರು, ತಮ್ಮ ಲೋಟ ತಾವೇ ತೊಳೆಯುವವರು ಯಾರು, ಎಲ್ಲ ಒಟ್ಟಿಗೆ ಹೊಳೆಯಿತು. ಖುಷಿಯಾಗಬೇಕಿತ್ತು. ಸಿಟ್ಟು ಬಂತು.

ವಕೀಲರು ಗಾಬರಿಯಿಂದ ಕರವಸ್ತ್ರ ಕಿಸೆಗೆ ತುರುಕಿದರು. "ಮೇಡಂ! ತಾವು! ತಮ್ಮಂಥ ಮನೆತನದವರು..."

"ನನ್ನ ಮನೆತನ ಹೆರಿಗೆ ಆಸ್ಪತ್ರೆಯ ಹಿಂದಿನ ಬಾಗಿಲಿನದು" ಎಂದರು ಮೇಡಂ, ಕೂರುತ್ತಾ. "ನಮ್ಮಮ್ಮ ಅಲ್ಲಿ ಇದೇ ಕೆಲಸ ಮಾಡ್ತಿದ್ರು. ಅದೇ ಕೈಯಿಂದ ನನಗೆ ಊಟ ಹಾಕಿದ್ರು. ಅದರಿಂದ ನನ್ನ ಆರೋಗ್ಯಕ್ಕೂ ಮರ್ಯಾದೆಗೂ ಆದ ಹಾನಿ ಈಗ ನಿಮ್ಮ ಎದುರಿಗೇ ಕೂತಿದೆ. ಈ ಕಾರಣಕ್ಕೆ ಕೇಸನ್ನ ನಾನು ಕೇಳಬಾರದು ಅನ್ನಿಸಿದ್ರೆ ಹೇಳಿ, ಬೇರೆ ಕೋರ್ಟಿಗೆ ಕಳಿಸೋಕೆ ಬರೀತೀನಿ. ಆಕ್ಷೇಪಣೆ ಇದೆಯಾ?"

ವಕೀಲರು ಗಂಡನನ್ನು ನೋಡಿದರು. ಗಂಡ ತನ್ನ ಉಗುರು ನೋಡಿಕೊಂಡ. "ಇಲ್ಲ ಮೇಡಂ" ಎಂದರು ವಕೀಲರು.

"ನಂಗಿದೆ" ಎಂದಳು ಫಿನಾಯಿಲಕ್ಕ.

ಎಲ್ಲರೂ ತಿರುಗಿದರು.

"ನಿಮಗೆ ಗೊತ್ತಿತ್ತಲ್ಲ ಮೇಡಂ. ಒಂದು ವರ್ಷ ನೆಲ ಒಣಗೋ ತನಕ ನಿಂತ್ರಿ. ಒರೆಸಿದೋಳು ಎಲ್ಲಿ ಹೋದಳು, ಯಾಕೆ ಬಚ್ಚಿಟ್ಕೋತಾಳೆ, ಒಂದು ಸಲ ಕೇಳಲಿಲ್ಲ. ನನ್ನ ಮಗಳು ಎರಡು ತಾರೀಖು ಗೇಟೊಳಗೆ ಕೂತ್ಲು."

ಶಿರಸ್ತೇದಾರರು "ಬಾಯಿ..." ಎಂದರು. ಮೇಡಂ ಕೈ ಎತ್ತಿ ತಡೆದರು.

"ಕೇಳಲಿಲ್ಲ" ಎಂದರು. ಆಮೇಲೆ ಟೈಪಿಸ್ಟ್ ಕಡೆ ತಿರುಗಿದರು. "ಬರ್ಕೊಳ್ಳಮ್ಮ. ಹಿಂದಿನ ಎರಡು ತಾರೀಖಿನಂದು ಅರ್ಜಿದಾರರು ಗೈರಾಗಿರಲಿಲ್ಲ. ನ್ಯಾಯಾಲಯದ ಕೆಲಸದ ಮೇಲೆ ನ್ಯಾಯಾಲಯದಲ್ಲೇ ಇದ್ದರು. ವಿಚಾರಿಸದೇ ಇದ್ದದ್ದು ನ್ಯಾಯಾಲಯದ ತಪ್ಪು."

ಕೀಲಿಮಣೆ ಟಕಟಕ ಎಂದಿತು. ಆ ಹಾಲಿನಲ್ಲಿ ಹಿಂದೆಂದೂ ಅಂಥದ್ದು ಟೈಪಾಗಿರಲಿಲ್ಲ. ಹುಡುಗಿ ಒಂದು ಸಲ ನಿಲ್ಲಿಸಿ "ನ್ಯಾಯಾಲಯದ್ದಾ ಮೇಡಂ?" ಎಂದು ಕೇಳಿ ಖಾತ್ರಿ ಮಾಡಿಕೊಂಡಳು.

ಫಿನಾಯಿಲಕ್ಕ ಕುರ್ಚಿಯಲ್ಲಿ ಕೂತಳು. ಮೂರು ವರ್ಷ ಒರೆಸಿದ ಕುರ್ಚಿ. ಒಂದು ಕಾಲು ಅಲ್ಲಾಡುತ್ತದೆ ಎಂಬುದು ಅವತ್ತೇ ಗೊತ್ತಾದದ್ದು. ಪ್ರಮಾಣ ಮಾಡುವಾಗ ಒದ್ದೆ ಕೈಯನ್ನೇ ಎತ್ತಿದಳು. ಕೈ ತೊಳೆದು ಬರಲಿ ಎಂದು ಈ ಸಲ ಯಾರೂ ಹೇಳಲಿಲ್ಲ. ಮಗುವನ್ನು ಯಾರು ಏಳಿಸುತ್ತಿದ್ದರು, ಶಾಲೆಗೆ ಯಾರು ಬಿಡುತ್ತಿದ್ದರು, ಜ್ವರ ಬಂದಾಗ ಯಾರು ಎದ್ದಿರುತ್ತಿದ್ದರು ಎಂದು ಮೇಡಂ ಕೇಳಿದರು. ಅದನ್ನೇ ಗಂಡನಿಗೂ ಕೇಳಿದರು. ಮಗಳು ಎಷ್ಟನೇ ಕ್ಲಾಸು ಎಂಬಲ್ಲಿ ಅವನು ತಂಗಿಯ ಮುಖ ನೋಡಿದ. ಕೊನೆಗೆ ಮೇಡಂ ಮಗುವನ್ನು ಒಬ್ಬಳನ್ನೇ ತಮ್ಮ ಕೋಣೆಗೆ ಕರೆದುಕೊಂಡು ಹೋದರು. ಒಳಗಿಂದ ಒಮ್ಮೆ ನಗು ಕೇಳಿತು. ಯಾರದೆಂದು ತಿಳಿಯಲಿಲ್ಲ.

ವಾಪಸು ಬಂದು ಆದೇಶ ಹೇಳಿದರು. ಕೇಸು ಮುಗಿಯುವವರೆಗೆ ಮಗು ತಾಯಿಯ ಹತ್ತಿರ. ತಂದೆ ಭಾನುವಾರ ಬಂದು ನೋಡಬಹುದು. ತಾಯಿಯ ಕೆಲಸ ಮಗುವನ್ನು ದೂರ ಇಡಲು ಕಾರಣವಲ್ಲ. ನಾದಿನಿ ಏನೋ ಹೇಳಲು ಬಾಯಿ ತೆರೆದಳು. ಮಗಳು ಅಷ್ಟರಲ್ಲಿ ಅವಳ ಕೈ ಬಿಡಿಸಿಕೊಂಡು ಓಡಿ ಬಂದು ಅಮ್ಮನ ಒದ್ದೆ ತೋಳಿಗೆ ಮುಖ ಉಜ್ಜಿದಳು.

ಹೊರಡುವಾಗ ಶಿರಸ್ತೇದಾರರು ಹಲ್ಲು ಕಚ್ಚಿ ಪಿಸುಗುಟ್ಟಿದರು. "ನಾಳೆ ಬೆಳಗ್ಗೆನೇ ನಿಮ್ಮ ಮೇಸ್ತ್ರಿ ಹತ್ರ ಮಾತಾಡ್ತೀನಿ."

"ಮಾತಾಡಿ ಸಾರ್. ಇನ್ನೊಂದು ತುತ್ತು ಕಾಗದ ಒಳಗೇ ಉಳಿದಿದೆ, ಅದನ್ನೂ ಅವನಿಗೇ ಹೇಳಿ."

ಮಗಳ ಕೈ ಹಿಡಿದು ಹಾಲಿನ ನಡುವೆ ನಡೆದಳು, ಮುಂದಿನ ಬಾಗಿಲ ಕಡೆಗೆ. ಮೆಟ್ಟಿಲ ಮೇಲೆ ಪೊರಕೆ ಹಿಡಿದು ಕಾಯುತ್ತಿದ್ದ ದೊಡ್ಡಮ್ಮ ದೂರದಿಂದಲೇ ಕೈಬಾಯಿ ಆಡಿಸಿ ಏನಾಯಿತು ಎಂದು ಕೇಳುತ್ತಿದ್ದಳು.

"ಒಳಗೆ ಏನು ಕೇಳಿದ್ರೇ ನಿನ್ನ?" ಎಂದು ಅಮ್ಮ ಮಗಳನ್ನು ಕೇಳಿದಳು.

"ನಿಮ್ಮಮ್ಮ ಏನು ಕೆಲಸ ಮಾಡ್ತಾರೆ ಅಂದ್ರು."

"ನೀನು?"

"ಅಮ್ಮ ಬಂದ್ರೆ ಎಲ್ರೂ ಎದ್ದು ನಿಲ್ಲೋ ಕೆಲಸ ಅಂದೆ. ಅವರು ನಕ್ಕುಬಿಟ್ರು. ಸುಳ್ಳಾ ಅಮ್ಮ?"

ಬಾಗಿಲಲ್ಲಿ ದಫೇದಾರ ನಿಂತಿದ್ದ. ಅಭ್ಯಾಸದಂತೆ "ಏ ಫಿ..." ಎಂದವನು ತಡೆದುಕೊಂಡ. ಪಕ್ಕಕ್ಕೆ ಸರಿದು ದಾರಿ ಬಿಟ್ಟ. ತಲೆ ಕೆರೆದುಕೊಂಡು, ಮೊದಲ ಸಲ ಬಹುವಚನ ಹುಡುಕಿ ತೆಗೆದು ಕೇಳಿದ.

"ಅಂದ ಹಾಗೆ, ನಿಮ್ಮ ಹೆಸರೇನಮ್ಮ?"

ಅವಳು ಹೊಸ್ತಿಲ ಮೇಲೆ ನಿಂತು ಅವನ ಮುಖ ನೋಡಿದಳು.

"ಮೂರು ತಾರೀಖು ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ಯಲ್ಲೋ ಮಾರಾಯ" ಎಂದಳು. "ಇನ್ನೂ ಗೊತ್ತಾಗ್ಲಿಲ್ವಾ?"